ಕೆಲಸಕ್ಕೆ ಜನರನ್ನು ಆರಿಸುವಾಗ ಏನು ಕೇಳಬೇಕು? ಮಲೆನಾಡಿನ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಅಂಗಡಿ, ಅಡಿಕೆ ಮಂಡಿ, ಮಾಚೇನಹಳ್ಳಿಯ ಸಣ್ಣ ಕಾರ್ಖಾನೆ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟ, ಹೋಂಸ್ಟೇ, ನರ್ಸಿಂಗ್ ಹೋಂ, ಸಹಕಾರ ಸಂಘ: ಇಂಥ ಕಡೆಗಳಲ್ಲಿ ನೇಮಕಾತಿಗೆಂದೇ ಪ್ರತ್ಯೇಕ ವಿಭಾಗ ಇರುವುದಿಲ್ಲ. ಮಾಲೀಕರೇ ಕುಳಿತು ಮಾತನಾಡಿಸಿ, ಮಧ್ಯೆ ಎರಡು ಫೋನ್ ಕರೆಗೆ ಉತ್ತರಿಸಿ, ಕೊನೆಗೆ "ಸೋಮವಾರದಿಂದ ಬಾ" ಎನ್ನುತ್ತಾರೆ. ಈ ಪುಟ ಅವರಿಗಾಗಿ.

ಹತ್ತು ನಿಮಿಷ ಮಾತನಾಡಿದರೆ ಮನುಷ್ಯ ಎಂಥವನೆಂದು ನನಗೆ ತಿಳಿಯುತ್ತದೆ. ಮೊದಲೇ ಪ್ರಶ್ನೆ ಬರೆದಿಟ್ಟುಕೊಳ್ಳುವುದು ಏಕೆ?

ತಿಳಿಯಿತು ಎಂದು ಅನ್ನಿಸುವುದು ನಿಜ. ತೊಂದರೆ ಇರುವುದು ಆ ಅನ್ನಿಸಿಕೆಯಲ್ಲೇ.

ನಮ್ಮ ಕಡೆ ಸಂದರ್ಶನ ಶುರುವಾಗುವುದು "ಯಾವ ಊರು? ಯಾರ ಮನೆ?" ಎಂಬಲ್ಲಿಂದ. ಮೂರನೆಯ ಮಾತಿಗೆ ಹುಡುಗನ ಸೋದರಮಾವ ನಿಮ್ಮ ಭಾವನ ಸಹಪಾಠಿ ಎಂದು ತಿಳಿಯುತ್ತದೆ, ಅಲ್ಲಿಗೆ ತೀರ್ಮಾನವೂ ಆಗಿಬಿಟ್ಟಿರುತ್ತದೆ. ಉಳಿದ ಇಪ್ಪತ್ತು ನಿಮಿಷ ಆ ತೀರ್ಮಾನಕ್ಕೆ ಸಮರ್ಥನೆ ಹುಡುಕುವುದರಲ್ಲಿ ಕಳೆಯುತ್ತದೆ. ನಿಮಗೆ ಗೊತ್ತಾದದ್ದು ಅವನ ಮನೆತನ. ಅವನು ತೂಕದ ಚೀಟಿ ಸರಿಯಾಗಿ ಬರೆಯುತ್ತಾನೆಯೇ ಎಂಬುದರ ಬಗ್ಗೆ ಏನೇನೂ ಗೊತ್ತಾಗಿಲ್ಲ.

ಇದು ಮಲೆನಾಡಿನವರ ದೋಷವೇನೂ ಅಲ್ಲ. ಅಮೆರಿಕದ ಸಂಶೋಧಕರಾದ ಜೇಸನ್ ಡಾನಾ, ರಾಬಿನ್ ಡಾಸ್ ಮತ್ತು ನಥಾನಿಯಲ್ ಪೀಟರ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಬ್ಬ ವಿದ್ಯಾರ್ಥಿಯನ್ನು ಮಾತನಾಡಿಸಿ, ಅವನ ಮುಂದಿನ ಅಂಕಗಳನ್ನು ಊಹಿಸಬೇಕೆಂದು ಇತರ ವಿದ್ಯಾರ್ಥಿಗಳಿಗೆ ಹೇಳಲಾಯಿತು. ಉತ್ತರಿಸುವವರಲ್ಲಿ ಕೆಲವರಿಗೆ ಗುಟ್ಟಾಗಿ ಒಂದು ಸೂಚನೆ ಕೊಟ್ಟಿದ್ದರು: ಪ್ರಶ್ನೆ ಏನೇ ಇರಲಿ, ಹೌದು ಅಥವಾ ಅಲ್ಲ ಎಂಬುದನ್ನು ಒಂದು ಯಾಂತ್ರಿಕ ನಿಯಮದ ಪ್ರಕಾರ ಹೇಳಿಬಿಡಿ. ಅಂದರೆ ಆ ಉತ್ತರಗಳಿಗೆ ಅರ್ಥವೇ ಇರಲಿಲ್ಲ. ಕೇಳಿದವರಿಗೆ ಸಂಶಯ ಬರಲಿಲ್ಲ. ಎದುರಿನವರನ್ನು ಚೆನ್ನಾಗಿ ಅರಿತೆವೆಂಬ ಭಾವನೆಯೂ ಅವರಲ್ಲಿ ಕಡಿಮೆಯಾಗಲಿಲ್ಲ. ಮುಖಾಮುಖಿ ಮಾತನಾಡಿ ಮಾಡಿದ ಊಹೆಗಿಂತ, ಭೇಟಿಯೇ ಆಗದೆ ಹಳೆಯ ಅಂಕಗಳನ್ನಷ್ಟೇ ನೋಡಿ ಮಾಡಿದ ಊಹೆ ಹೆಚ್ಚು ಸರಿಯಾಗಿತ್ತು.

ಹಾಗಾದರೆ ಊರು, ಮನೆ ವಿಚಾರಿಸಲೇಬಾರದೇ? ಒರಟಾಗಿ ಕಾಣುವುದಿಲ್ಲವೇ?

ಬಂದವರಿಗೆ ಕಾಫಿ ಕೊಡಿ, ಮಳೆಯ ಬಗ್ಗೆ, ರಸ್ತೆಯ ಬಗ್ಗೆ ಮಾತನಾಡಿ. ಬೆದರಿ ಕುಳಿತವರಿಂದ ಯಾವ ಉತ್ತರವೂ ಬರುವುದಿಲ್ಲ. ಮನೆತನದ ವಿಚಾರವನ್ನು ಮಾತ್ರ ಕೆಲಸದ ಪ್ರಶ್ನೆಗಳು ಮುಗಿದು, ಉತ್ತರಗಳಿಗೆ ನಿಮ್ಮ ಅಂಕಗಳನ್ನು ಬರೆದಾದ ಮೇಲಿನ ಹರಟೆಗೆ ಇಟ್ಟುಕೊಳ್ಳಿ.

ಇನ್ನೊಂದನ್ನು ನೇರವಾಗಿಯೇ ಹೇಳಬೇಕು. ಊರು, ಮನೆ, ಅಡ್ಡಹೆಸರು ಕೇಳುವವರಲ್ಲಿ ಹಲವರಿಗೆ ಬೇಕಾಗಿರುವುದು ಜಾತಿ. ಅಡುಗೆಯವರನ್ನು ಹುಡುಕುವಾಗಲಂತೂ ಇದಕ್ಕೆ ಮರೆಯೂ ಇರುವುದಿಲ್ಲ. ಸಾರು ಮಾಡಲು ಬರುತ್ತದೆಯೇ, ಮೂವತ್ತು ಜನರ ಊಟಕ್ಕೆ ಎಷ್ಟು ಅಕ್ಕಿ ಹಾಕಬೇಕೆಂದು ಗೊತ್ತಿದೆಯೇ, ಕೈ ಶುಚಿಯಾಗಿದೆಯೇ: ಇವು ಅಡುಗೆಯವರಿಗೆ ಕೇಳುವ ಪ್ರಶ್ನೆಗಳು. ಜಾತಿಯಿಂದ ಇವುಗಳಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ.

ಪ್ರಯಾಣದ ಬಗ್ಗೆ ಕೇಳುವುದು ನ್ಯಾಯ. ಆದರೆ "ಮಳೆಗಾಲದಲ್ಲಿ ತಪ್ಪದೆ ಬರುತ್ತೀರಾ?" ಎಂದರೆ "ಬರುತ್ತೇನೆ" ಎನ್ನದವರು ಯಾರು? ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಆ ಮಾತಿಗೆ ಬೆಲೆಯಿಲ್ಲ. "ಕಳೆದ ಜುಲೈನಲ್ಲಿ ಬಸ್ ನಿಂತ ದಿನಗಳಲ್ಲಿ ಕೆಲಸಕ್ಕೆ ಅಥವಾ ಕಾಲೇಜಿಗೆ ಹೇಗೆ ಹೋದಿರಿ?" ಎಂದು ಕೇಳಿ. ಒಬ್ಬರು ನೆಂಟರ ಮನೆಯಲ್ಲಿ ಉಳಿದ ಕಥೆ ಹೇಳುತ್ತಾರೆ, ಇನ್ನೊಬ್ಬರು ಹಾಲಿನ ವ್ಯಾನಿನಲ್ಲಿ ಬಂದದ್ದನ್ನು ಹೇಳುತ್ತಾರೆ, ಮತ್ತೊಬ್ಬರು ಪ್ರಾಮಾಣಿಕವಾಗಿ "ಹೋಗಲಿಲ್ಲ" ಎನ್ನುತ್ತಾರೆ. ಮೂರೂ ಉಪಯುಕ್ತ ಉತ್ತರಗಳೇ.

ಒಟ್ಟಿನಲ್ಲಿ ಒಳ್ಳೆಯ ಪ್ರಶ್ನೆ ಯಾವುದು?

ಅಭ್ಯರ್ಥಿ ಏನು ಅಂದುಕೊಂಡಿದ್ದಾರೆ ಎಂಬುದನ್ನು ಬಿಟ್ಟು ಏನು ಮಾಡಿದ್ದಾರೆ ಎಂಬುದನ್ನು ಹೊರಗೆ ತರುವ ಪ್ರಶ್ನೆ. "ನೀವು ಪ್ರಾಮಾಣಿಕರೇ?", "ಒತ್ತಡ ತಡೆದುಕೊಳ್ಳುತ್ತೀರಾ?", "ಎಲ್ಲರೊಂದಿಗೆ ಹೊಂದಿಕೊಳ್ಳುತ್ತೀರಾ?" ಎಂಬವುಗಳಿಗೆ ಉತ್ತರ ಪ್ರಶ್ನೆಯೊಳಗೇ ಇದೆ. ಅವುಗಳ ಬದಲು ಹೀಗೆ ಕೇಳಿ ನೋಡಿ:

"ದಿನದ ಕೊನೆಗೆ ಗಲ್ಲೆಯಲ್ಲಿ ಹಣ ತಾಳೆಯಾಗದೆ ಹೋದ ಒಂದು ಸಂದರ್ಭ ಹೇಳಿ. ಮೊದಲು ಏನು ನೋಡಿದಿರಿ? ಯಾರಿಗೆ ಹೇಳಿದಿರಿ? ಯಾವಾಗ?"

"ಗ್ರಾಹಕರೊಬ್ಬರು ಎಲ್ಲರ ಮುಂದೆ ಕೂಗಾಡಿದ್ದು ನೆನಪಿದೆಯೇ? ಅವರು ಕೂಗಾಡಿದ್ದು ಯಾವ ಕಾರಣಕ್ಕೆ, ನೀವು ಆಡಿದ ಮೊದಲ ಮಾತು ಯಾವುದು?"

"ನಿಮ್ಮಿಂದ ತಪ್ಪಾಗಿ, ಬೇರೆ ಯಾರಿಗೂ ಗೊತ್ತಾಗುವ ಮೊದಲೇ ನೀವೇ ಕಂಡುಹಿಡಿದ ಒಂದು ವಿಷಯ ಹೇಳಿ."

ಮೊದಲ ಉತ್ತರ ಬಹುತೇಕ ಚಿಕ್ಕದಾಗಿರುತ್ತದೆ. ಅಲ್ಲಿಗೆ ಬಿಡಬೇಡಿ. "ಆಮೇಲೆ?" ಎನ್ನಿ. "ಆಗ ಅಲ್ಲಿ ಮತ್ತೆ ಯಾರಿದ್ದರು?" ಎನ್ನಿ. ನಿಜವಾಗಿ ನಡೆದದ್ದನ್ನು ಹೇಳುವವರಿಗೆ ವಿವರ ಹೆಚ್ಚಾದಂತೆ ನೆನಪು ಬಿಚ್ಚಿಕೊಳ್ಳುತ್ತದೆ; ಕಟ್ಟಿ ಹೇಳುವವರು ಮೂರನೆಯ "ಆಮೇಲೆ"ಗೆ ಮತ್ತೆ ಸಾಮಾನ್ಯ ಮಾತಿಗೆ, "ನಾನು ಯಾವಾಗಲೂ ಹೀಗೇ ಮಾಡುವುದು" ಎಂಬಲ್ಲಿಗೆ ಮರಳುತ್ತಾರೆ.

ನಮ್ಮವರಲ್ಲಿ ಒಂದು ಸಂಕೋಚವಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹಿರಿಯರ ಮುಂದೆ ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದು ಅಹಂಕಾರವೆಂದು ಕಲಿತು ಬೆಳೆದ ಹುಡುಗಿ, ತಾನೊಬ್ಬಳೇ ನಿಭಾಯಿಸಿದ್ದನ್ನೂ "ಎಲ್ಲರೂ ಸೇರಿ ಮಾಡಿದೆವು" ಎನ್ನುತ್ತಾಳೆ. "ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದಿತ್ತು?" ಎಂದು ಕೇಳದೆ ಹೋದರೆ ಒಳ್ಳೆಯ ಕೆಲಸಗಾರ್ತಿ ಕೈತಪ್ಪುತ್ತಾಳೆ, ಮಾತುಗಾರ ಒಳಗೆ ಬರುತ್ತಾನೆ.

ಇಂಥ ಪ್ರಶ್ನೆಗಳನ್ನು ಎಲ್ಲಿಂದ ತರಬೇಕು? ಇಂಟರ್ನೆಟ್ಟಿನಲ್ಲಿ ಪಟ್ಟಿಗಳಿವೆಯಲ್ಲ?

ಆ ಪಟ್ಟಿಗಳನ್ನು ಅಭ್ಯರ್ಥಿಗಳೂ ಓದಿರುತ್ತಾರೆ. ನಿಮ್ಮ ಕೆಲಸದೊಳಗಿನಿಂದಲೇ ತೆಗೆಯಿರಿ. ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗಾಗಿ ಬೆಳೆಸಿ, 1954ರಲ್ಲಿ ವಿವರವಾಗಿ ಬರೆದ ದಾರಿ ಇದು: ಕೆಲಸ ಬಹಳ ಚೆನ್ನಾಗಿ ನಡೆದ ಮತ್ತು ಕೆಟ್ಟುಹೋದ ನಿಜ ಘಟನೆಗಳನ್ನು ಸಂಗ್ರಹಿಸಿ, ಆಗ ಯಾರು ನಿರ್ದಿಷ್ಟವಾಗಿ ಏನು ಮಾಡಿದರು ಎಂದು ನೋಡುವುದು.

ಹೋಂಸ್ಟೇ ನೋಡಿಕೊಳ್ಳುವವರು ಬೇಕು ಎಂದುಕೊಳ್ಳಿ. ಹಿಂದಿನ ಹಂಗಾಮಿನಲ್ಲಿ ತೊಂದರೆಯಾದದ್ದು ಎಲ್ಲಿ? ಜೋಗ ನೋಡಿ ರಾತ್ರಿ ಹನ್ನೊಂದಕ್ಕೆ ಬಂದವರಿಗೆ ಕೊಟ್ಟಿದ್ದ ಕೋಣೆಯನ್ನೇ ಇನ್ನೊಂದು ಕುಟುಂಬಕ್ಕೂ ಕೊಟ್ಟಾಗಿತ್ತು, ಕರೆಂಟ್ ಇರಲಿಲ್ಲ, ಫೋನ್ ಸಿಗ್ನಲ್ ಇರಲಿಲ್ಲ. ಅದೇ ನಿಮ್ಮ ಪ್ರಶ್ನೆ. ಮಾಲೀಕರನ್ನು ಕೇಳಲಾಗದ ಆ ಹೊತ್ತಿನಲ್ಲಿ ಏನು ಮಾಡುತ್ತೀರಿ? ಇಂಥ ಐದಾರು ಘಟನೆಗಳನ್ನು ಈಗ ಕೆಲಸದಲ್ಲಿ ಇರುವವರನ್ನೇ ಕೂರಿಸಿ ಕೇಳಿದರೆ ಒಂದು ಸಂಜೆಯಲ್ಲಿ ಸಿಗುತ್ತವೆ. ಮಾಲೀಕರಿಗೆ ಗೊತ್ತೇ ಇಲ್ಲದ ಎರಡು ಘಟನೆಗಳೂ ಹೊರಬರುತ್ತವೆ, ಅದು ಉಚಿತ ಲಾಭ.

ಕಾಲೇಜು ಮುಗಿಸಿ ನೇರವಾಗಿ ಬಂದವರಿಗೆ ಅನುಭವವೇ ಇರುವುದಿಲ್ಲ. ಅವರಿಗೆ?

ಎರಡು ದಾರಿಗಳಿವೆ. ಒಂದು, ಮೇಲೆ ಹೇಳಿದ ಹಾಗೆ ಸನ್ನಿವೇಶ ಕೊಟ್ಟು "ಏನು ಮಾಡುತ್ತೀರಿ?" ಎಂದು ಕೇಳುವುದು. ಗ್ಯಾರಿ ಲೇಥಮ್ ಮತ್ತು ಸಂಗಡಿಗರು 1980ರಲ್ಲೇ ಈ ವಿಧಾನವನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಇದರಲ್ಲಿ ಒಂದು ಶರತ್ತಿದೆ: ಸನ್ನಿವೇಶದಲ್ಲಿ ಇಕ್ಕಟ್ಟು ಇರಬೇಕು. ಪರಿಚಯದವರು ಚೀಟಿಯಿಲ್ಲದೆ ಸರಕು ಕೊಡು ಎನ್ನುತ್ತಾರೆ, ಮಾಲೀಕರು ಊರಲ್ಲಿಲ್ಲ, ಬೇಡ ಎಂದರೆ ಹಿರಿಯರಿಗೆ ಬೇಸರ. ಎರಡೂ ಕಡೆ ನಷ್ಟ ಇರುವಲ್ಲಿ ಮಾತ್ರ ಜನರ ನಡುವಿನ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು, ಸಂಬಳವಿಲ್ಲದ ಅನುಭವವನ್ನು ಕೆದಕುವುದು. ಕುವೆಂಪು ವಿಶ್ವವಿದ್ಯಾಲಯದ ಯಾವುದೋ ಕಾಲೇಜಿನಿಂದ ಬಂದ ಹುಡುಗ ಬೀದಿಯ ಗಣಪತಿ ಉತ್ಸವದ ಚಂದಾ ಲೆಕ್ಕ ಇಟ್ಟಿರಬಹುದು. ಎನ್‌ಎಸ್‌ಎಸ್ ಶಿಬಿರದಲ್ಲಿ ನೂರು ಜನರ ತಿಂಡಿ ನೋಡಿಕೊಂಡಿರಬಹುದು. ಮನೆಯ ತೋಟದಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಇಡೀ ಕೊಯ್ಲು ಮುಗಿಸಿರಬಹುದು. "ಅನುಭವ: ಇಲ್ಲ" ಎಂದು ಅರ್ಜಿಯಲ್ಲಿ ಬರೆದವರಿಗೆ ಇವೆಲ್ಲ ಅನುಭವವೆಂದು ಹೊಳೆದಿರುವುದೇ ಇಲ್ಲ.

ಕೆಲಸ ಮಾಡಿಸಿಯೇ ನೋಡಬಹುದೇ?

ನೋಡಲೇಬೇಕು. ಮಾತಿನಲ್ಲಿ ಅಳೆಯಲಾಗದ್ದು ಇಲ್ಲಿ ಅರ್ಧ ಗಂಟೆಯಲ್ಲಿ ಕಾಣುತ್ತದೆ.

ಮಂಡಿಯ ಕೆಲಸಕ್ಕೆ ಬಂದವರ ಮುಂದೆ ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ನಾಲ್ಕು ದರ್ಜೆಯ ಅಡಿಕೆ ಕಲಸಿದ ಒಂದು ಮೊರ ಇಡಿ, ಬೇರ್ಪಡಿಸಲು ಹೇಳಿ. ಲೆಕ್ಕ ಬರೆಯುವವರಿಗೆ ನೀವೇ ಎರಡು ತಪ್ಪು ಸೇರಿಸಿದ ಬಿಲ್ಲುಗಳ ಕಟ್ಟು ಕೊಡಿ. ತಪ್ಪಿದೆ ಎಂದು ಮೊದಲೇ ಹೇಳಬೇಡಿ. ಅಂಗಡಿಗಾದರೆ ನೀವೇ ಗ್ರಾಹಕರಾಗಿ ಸ್ವಲ್ಪ ಕಿರಿಕಿರಿ ಮಾಡಿ.

ತೋಟದ ರೈಟರ್ ಅಥವಾ ಮೇಲ್ವಿಚಾರಕರಿಗೆ ನನಗೆ ಬಹಳ ಇಷ್ಟವಾದ ಪ್ರಶ್ನೆ ಬೋರ್ಡೋ ದ್ರಾವಣದ್ದು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಿದ್ದೇನೆ ಎಂದು ಎಲ್ಲರೂ ಹೇಳುತ್ತಾರೆ. "ಹೇಗೆ ಕಲಸಿದಿರಿ, ಮೊದಲಿನಿಂದ ಹೇಳಿ" ಎನ್ನಿ. ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಡಬ್ಬದ ಮೇಲೆ ಓದಿದವರಿಗೂ ಗೊತ್ತಿರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಬೇಕು, ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಬೇಕು, ಕಲಸಿದ ದಿನವೇ ಹೊಡೆದು ಮುಗಿಸಬೇಕು ಎನ್ನುವವರು ಕೆಲಸವನ್ನು ಹತ್ತಿರದಿಂದ ನೋಡಿದವರು. ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು ಎಂದು ಕೇಳದೆಯೇ ಹೇಳಿದವರನ್ನು ಬಿಡಬೇಡಿ. ಪ್ರಮಾಣಪತ್ರ, ವರ್ಷಗಳ ಲೆಕ್ಕ ಯಾವುದೂ ಈ ಚಾಕುವಿನಷ್ಟು ಹೇಳುವುದಿಲ್ಲ.

ಪರೀಕ್ಷೆ ಒಂದು ಗಂಟೆ ಮೀರಿದರೆ, ಅಥವಾ ಮಾಡಿಸಿದ ಕೆಲಸ ನಿಮಗೆ ಉಪಯೋಗಕ್ಕೆ ಬಂದರೆ, ಹಣ ಕೊಡಿ. "ಎರಡು ದಿನ ಬಂದು ನೋಡು" ಎಂದು ಪುಕ್ಕಟೆ ದುಡಿಸಿ ಕಳಿಸುವ ಜಾಗಗಳ ಹೆಸರು ಊರಿನ ಹುಡುಗರಿಗೆಲ್ಲ ಗೊತ್ತಿರುತ್ತದೆ.

"ನಿಮ್ಮ ದೌರ್ಬಲ್ಯವೇನು?", ಒಗಟು, ಬುದ್ಧಿವಂತಿಕೆಯ ಪ್ರಶ್ನೆಗಳು?

ಬೇಡ. ಒಗಟಿನ ಪ್ರಶ್ನೆಗಳಿಗೆ ಹೆಸರಾಗಿದ್ದ ಗೂಗಲ್‌ನಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್, ಅವು ಸಂಪೂರ್ಣ ಕಾಲಹರಣವೆಂದು 2013ರಲ್ಲಿ ಬಹಿರಂಗವಾಗಿಯೇ ಹೇಳಿದರು. ಕೇಳುವವರಿಗೆ ತಾವು ಜಾಣರೆಂಬ ಖುಷಿ ಸಿಗುತ್ತದೆ, ಅಷ್ಟೇ. ದೌರ್ಬಲ್ಯದ ಪ್ರಶ್ನೆಗೆ "ನಾನು ಅತಿಯಾಗಿ ಕೆಲಸ ಮಾಡುತ್ತೇನೆ" ಎಂಬ ಉತ್ತರ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು.

ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಅಂಕ ಬೇರೆ ಹಾಕಬೇಕೇ? ಇದು ಶಾಲೆಯ ಪರೀಕ್ಷೆ ಆಗಲಿಲ್ಲವೇ?

ಸ್ವಲ್ಪ ಹಾಗೆಯೇ, ಮತ್ತು ಅದರಿಂದಲೇ ಲಾಭ. ಬೆಳಿಗ್ಗೆ ಬಂದವರಿಗೆ ಗ್ರಾಹಕರ ಬಗ್ಗೆ, ಮಧ್ಯಾಹ್ನ ಬಂದವರಿಗೆ ಕ್ರಿಕೆಟ್ ಬಗ್ಗೆ ಕೇಳಿದರೆ ಸಂಜೆ ಇಬ್ಬರನ್ನು ಹೋಲಿಸುವುದು ಯಾವ ಆಧಾರದ ಮೇಲೆ? ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು 2022ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಮುಂದಿನ ಕೆಲಸದ ಗುಣಮಟ್ಟದೊಂದಿಗೆ ನಿಗದಿತ ಪ್ರಶ್ನೆಗಳ ಸಂದರ್ಶನದ ಹೊಂದಾಣಿಕೆ 0.42 ಬಂತು, ಮನಬಂದಂತೆ ಮಾಡುವ ಸಂದರ್ಶನದ್ದು 0.19. ಎಷ್ಟು ವರ್ಷದ ಅನುಭವ ಎಂಬುದು ಪಟ್ಟಿಯ ಕೆಳತುದಿಯಲ್ಲಿತ್ತು. ಪೂರ್ತಿ ಹೊಂದಿದರೆ ಒಂದು, ಏನೂ ಹೊಂದದಿದ್ದರೆ ಸೊನ್ನೆ; 0.42 ಕೂಡ ಒಂದಕ್ಕೆ ಬಹಳ ದೂರ ಎಂಬುದನ್ನು ಗಮನಿಸಿ; ಎಷ್ಟೇ ಚೆನ್ನಾಗಿ ಕೇಳಿದರೂ ಕೆಲವು ನೇಮಕಗಳು ತಪ್ಪುತ್ತವೆ.

ಅಂಕ ಹಾಕುವ ರೀತಿಗೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರ ಹಳೆಯ ಕೆಲಸ ಒಳ್ಳೆಯ ಮಾದರಿ. 1955ರಲ್ಲಿ, ಇನ್ನೂ ಇಪ್ಪತ್ತೊಂದರ ಪ್ರಾಯದಲ್ಲಿ, ಅವರು ಇಸ್ರೇಲಿ ಸೇನೆಗೆ ಹೊಸ ಸಂದರ್ಶನ ಕ್ರಮ ರೂಪಿಸಿದರು. ಆರು ಗುಣಗಳನ್ನು ಆರಿಸಿ, ಒಂದೊಂದರ ಬಗ್ಗೆ ಹಿಂದಿನ ಜೀವನದ ವಾಸ್ತವ ಸಂಗತಿಗಳನ್ನು ಕೇಳಿ, ಅದಕ್ಕೆ ಐದರಲ್ಲಿ ಅಂಕ ಹಾಕಿಯೇ ಮುಂದಿನದಕ್ಕೆ ಹೋಗಬೇಕು. ಸಂದರ್ಶಕರು ತಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದೀರಿ ಎಂದು ಸಿಟ್ಟಾದರು. ಅವರ ಸಮಾಧಾನಕ್ಕೆಂದು, ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಆ ಸೈನಿಕನನ್ನು ಕಲ್ಪಿಸಿಕೊಂಡು ಒಂದು ಒಟ್ಟು ಅಂಕ ಹಾಕಿ ಎಂದು ಸೇರಿಸಿದರು. ಹೊಸ ಕ್ರಮ ಹಳೆಯದಕ್ಕಿಂತ ಚೆನ್ನಾಗಿ ನಡೆಯಿತು. ಆಶ್ಚರ್ಯವೆಂದರೆ ಆ ಕಣ್ಣು ಮುಚ್ಚಿದ ಅಂಕವೂ ಉಪಯುಕ್ತವಾಗಿತ್ತು. ಅಂದರೆ ಅಂತಃಪ್ರೇರಣೆಯನ್ನು ಬಿಡಬೇಕಿಲ್ಲ, ಅದನ್ನು ಕೊನೆಗೆ ಕೂರಿಸಬೇಕು.

ಒಂದೊಂದಕ್ಕೆ ಪ್ರತ್ಯೇಕವಾಗಿ ಅಂಕ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು: ಸೇನಾಧಿಕಾರಿಗಳು ಮೈಕಟ್ಟು ಚೆನ್ನಾಗಿದ್ದವರಿಗೆ ಬುದ್ಧಿಯಲ್ಲೂ ನಾಯಕತ್ವದಲ್ಲೂ ಹೆಚ್ಚು ಅಂಕ ಕೊಟ್ಟಿದ್ದರು. ಇಸ್ತ್ರಿ ಮಾಡಿದ ಅಂಗಿ ನಮ್ಮಲ್ಲೂ ಅದೇ ಕೆಲಸ ಮಾಡುತ್ತದೆ.

ಗಂಡ ಹೆಂಡತಿ ಇಬ್ಬರೂ, ಅಥವಾ ಪಾಲುದಾರರಿಬ್ಬರೂ ಸಂದರ್ಶನಕ್ಕೆ ಕುಳಿತರೆ, ಚರ್ಚಿಸುವ ಮೊದಲು ಅವರವರ ಅಂಕಗಳನ್ನು ಅವರವರೇ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಮೊದಲು ಬಾಯಿ ತೆರೆದವರ ಅಭಿಪ್ರಾಯವೇ ಇಬ್ಬರದ್ದೂ ಆಗುತ್ತದೆ.

ಕಲಿಸಿದ ಮೇಲೆ ಬೆಂಗಳೂರಿಗೆ ಹೋಗಿಬಿಡುತ್ತಾರೆ. ಅದನ್ನು ಮೊದಲೇ ತಿಳಿಯುವುದು ಹೇಗೆ?

"ಬೆಂಗಳೂರಿಗೆ ಹೋಗುವುದಿಲ್ಲ ತಾನೇ?" ಎಂದು ಕೇಳಿದರೆ ಸುಳ್ಳು ಹೇಳಲು ನೀವೇ ಹೇಳಿಕೊಟ್ಟಂತಾಯಿತು. ಸಂಬಳ, ರಜೆ, ಭಾನುವಾರದ ಕೆಲಸ, ಹಬ್ಬದ ದಿನದ ಕೆಲಸ, ಮುಂದಿನ ವರ್ಷ ಎಷ್ಟು ಏರಿಸುತ್ತೀರಿ ಎಂಬುದನ್ನು ನೀವು ಮೊದಲು ಬಿಚ್ಚಿ ಹೇಳಿ. ಬಳಿಕ "ಹಿಂದಿನ ಕೆಲಸ ಬಿಡಲು ಯೋಚನೆ ಬಂದ ಮೊದಲ ದಿನ ಏನಾಗಿತ್ತು?" ಎಂದು ಕೇಳಿ. ಆ ಉತ್ತರದಲ್ಲಿ ಬರುವುದು ನಿಮ್ಮಲ್ಲೂ ಇದ್ದರೆ, ಅವರು ಹೋಗುತ್ತಾರೆ.

ಎರಡು ವರ್ಷ ಚೆನ್ನಾಗಿ ದುಡಿದು ಹೋಗುವವರು, ಹತ್ತು ವರ್ಷ ಕದಲದೆ ಕುಳಿತು ಏನೂ ಮಾಡದವರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಹಲವು ಮಾಲೀಕರು ಒಪ್ಪುವುದಿಲ್ಲ.

ಹೆಣ್ಣುಮಕ್ಕಳಿಗೆ ಮದುವೆ, ಮಕ್ಕಳ ಬಗ್ಗೆ ಕೇಳಬಹುದೇ?

ಕೇಳಬೇಡಿ. 1976ರ ಸಮಾನ ವೇತನ ಕಾಯ್ದೆ ನೇಮಕಾತಿಯಲ್ಲಿ ಲಿಂಗದ ಆಧಾರದ ತಾರತಮ್ಯವನ್ನು ನಿಷೇಧಿಸಿತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ನಿಷೇಧಿಸುತ್ತದೆ. ಕಾನೂನು ಬದಿಗಿರಲಿ, ಗಂಡಸರಿಗೆ ಕೇಳದ ಪ್ರಶ್ನೆಯನ್ನು ಇವರಿಗೆ ಕೇಳಿ ನೀವು ತಿಳಿಯಬೇಕಾದದ್ದೇನು? ಸಂಜೆ ಏಳರವರೆಗೆ ಕೆಲಸವಿದೆ ಎಂಬುದು ಮುಖ್ಯವಾದರೆ, "ಸಂಜೆ ಏಳರವರೆಗೆ ಇರಬೇಕು, ಕೊನೆಯ ಬಸ್ ಏಳೂವರೆಗೆ. ನಿಮಗೆ ಆಗುತ್ತದೆಯೇ?" ಎಂದು ಎಲ್ಲರಿಗೂ ಕೇಳಿ.

ಹಳೆಯ ಮಾಲೀಕರನ್ನು ವಿಚಾರಿಸಿದರೆ ಎಲ್ಲರೂ "ಒಳ್ಳೆಯ ಹುಡುಗ" ಎನ್ನುತ್ತಾರಲ್ಲ?

ಎನ್ನಲೇಬೇಕು. ಒಬ್ಬರ ಅನ್ನಕ್ಕೆ ಕಲ್ಲು ಹಾಕಿದ ಪಾಪ ಯಾರಿಗೆ ಬೇಕು? ಅದೂ ನಾಳೆ ಮದುವೆಮನೆಯಲ್ಲಿ ಅವನ ತಂದೆಯ ಪಕ್ಕದಲ್ಲೇ ಊಟಕ್ಕೆ ಕುಳಿತುಕೊಳ್ಳಬೇಕಾದ ಊರಿನಲ್ಲಿ. ಆದ್ದರಿಂದ ಗುಣದ ಬಗ್ಗೆ ಕೇಳದೆ ಕೆಲಸದ ಬಗ್ಗೆ ಕೇಳಿ. "ಯಾವ ಕೆಲಸವನ್ನು ಅವನಿಗೆ ಬಿಟ್ಟು ನೀವು ನಿಶ್ಚಿಂತೆಯಿಂದ ಊರಿಗೆ ಹೋಗುತ್ತಿದ್ದಿರಿ? ಯಾವುದಕ್ಕೆ ಪಕ್ಕದಲ್ಲಿ ಒಬ್ಬರು ಇರಬೇಕಿತ್ತು?" ಇದಕ್ಕೆ ನಿಂದೆಯಿಲ್ಲದೆ ಉತ್ತರಿಸಬಹುದು, ಹಾಗಾಗಿ ಉತ್ತರಿಸುತ್ತಾರೆ. "ಮತ್ತೆ ಬಂದರೆ ತೆಗೆದುಕೊಳ್ಳುತ್ತೀರಾ?" ಎಂಬುದಕ್ಕೆ ಉತ್ತರ ತಡವಾದರೆ, ಆ ತಡವೇ ಉತ್ತರ.

ಈಗ ಕೆಲಸ ಮಾಡುತ್ತಿರುವ ಜಾಗಕ್ಕೆ ಮಾತ್ರ ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಫೋನ್ ಮಾಡಬೇಡಿ. ಇರುವ ಕೆಲಸವೂ ಹೋದೀತು.

ಮಠದವರು, ಸಂಘದ ಅಧ್ಯಕ್ಷರು, ಹಿರಿಯ ನೆಂಟರು ಶಿಫಾರಸು ಮಾಡಿದರೆ?

ಬೇಡ ಎನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. "ಖಂಡಿತ ಕಳುಹಿಸಿ, ಎಲ್ಲರೊಂದಿಗೆ ಅವನನ್ನೂ ಕೂರಿಸುತ್ತೇನೆ" ಎನ್ನಿ. ಬರೆದಿಟ್ಟ ಪ್ರಶ್ನೆ, ಬರೆದಿಟ್ಟ ಅಂಕ ಇಂಥ ಹೊತ್ತಿನಲ್ಲಿ ನಿಮಗೆ ರಕ್ಷಣೆ: "ಮೊರದಲ್ಲಿ ಬೆಟ್ಟೆ, ಗೊರಬಲು ಬೇರ್ಪಡಿಸಲು ಆಗಲಿಲ್ಲ" ಎಂದರೆ ಹಿರಿಯರ ಮುಖವೂ ಉಳಿಯುತ್ತದೆ, ನಿಮ್ಮ ಮಂಡಿಯೂ ಉಳಿಯುತ್ತದೆ.

ಸಂದರ್ಶನ ಇಂಗ್ಲಿಷಿನಲ್ಲಿ ಮಾಡಬೇಕೇ?

ಕೆಲಸ ಇಂಗ್ಲಿಷಿನಲ್ಲಿ ನಡೆಯುವುದಾದರೆ ಮಾತ್ರ, ಅದೂ ಬೇಕಾದಷ್ಟು ಭಾಗ ಮಾತ್ರ. ಹೊರರಾಜ್ಯದ ಅತಿಥಿಗಳೊಂದಿಗೆ ಮಾತನಾಡಬೇಕೆಂದರೆ ಐದು ನಿಮಿಷ ಅತಿಥಿಯಂತೆ ಮಾತನಾಡಿಸಿ. ಉಳಿದದ್ದೆಲ್ಲ ಕನ್ನಡದಲ್ಲಿರಲಿ.

ಆಯ್ಕೆಯಾಗದವರಿಗೆ ಏನು ಹೇಳಬೇಕು?

ವಾರದೊಳಗೆ ಫೋನ್ ಮಾಡಿ, ಆಗಲಿಲ್ಲವೆಂದು ಹೇಳಿ. "ತಿಳಿಸುತ್ತೇವೆ" ಎಂದು ತೂಗಿಸಿ ಬಿಡುವುದು ಕೆಟ್ಟ ಅಭ್ಯಾಸ, ಅವರು ಇನ್ನೊಂದು ಕಡೆಯ ಅವಕಾಶವನ್ನೂ ತಡೆದು ಕಾಯುತ್ತಿರಬಹುದು. ಕಾರಣ ಕೇಳಿದರೆ ಕೆಲಸಕ್ಕೆ ಸಂಬಂಧಿಸಿದ ಒಂದೇ ಕಾರಣ ಹೇಳಿ, "ಬಿಲ್ಲಿನಲ್ಲಿದ್ದ ಎರಡು ತಪ್ಪುಗಳಲ್ಲಿ ಒಂದು ನಿಮಗೆ ಸಿಗಲಿಲ್ಲ" ಎಂಬಂತೆ. ಎರಡನೆಯ ಸ್ಥಾನದಲ್ಲಿದ್ದವರ ಅಂಕದ ಹಾಳೆ ಮತ್ತು ಫೋನ್ ನಂಬರನ್ನು ಅವರ ಒಪ್ಪಿಗೆ ಪಡೆದು ಇಟ್ಟುಕೊಳ್ಳಿ. ದೀಪಾವಳಿ ಮುಗಿಸಿ ಬರುತ್ತೇನೆಂದು ಹೋದ ನಿಮ್ಮ ಮೊದಲ ಆಯ್ಕೆ ವಾಪಸು ಬರದಿದ್ದರೆ, ಮೊದಲು ಕರೆಯಬೇಕಾದದ್ದು ಅವರನ್ನೇ.